ರಕ್ತನಾಳದ ಇಬ್ಬರು ದೂತರು

'ಸ್ನೇಹ' ಎಂಬ ಶಬ್ದಕ್ಕೆ ನಮ್ಮ ನಿಘಂಟುಗಳು ಎರಡು ಅರ್ಥಗಳನ್ನು ಕೊಡುತ್ತವೆ. ಒಂದು ಒಲವು, ಗೆಳೆತನ. ಇನ್ನೊಂದು ಎಣ್ಣೆ, ತುಪ್ಪ, ಜಿಡ್ಡು. ಆಯುರ್ವೇದದ ಗ್ರಂಥಗಳಲ್ಲಿ ಸ್ನೇಹವೆಂದರೆ ಜಿಡ್ಡೇ. ಮೂವತ್ತು ವರ್ಷಗಳಿಗೂ ಮಿಕ್ಕಿ ಕನ್ನಡ ಪಾಠ ಹೇಳಿದ ನಾನು ಈ ಎರಡು ಅರ್ಥಗಳ ನಂಟನ್ನು ತರಗತಿಯಲ್ಲಿ ಎಷ್ಟೋ ಸಲ ವಿವರಿಸಿದ್ದುಂಟು. ಎರಡೂ ಅಂಟುವಂಥವು, ಎರಡೂ ತಿಕ್ಕಾಟವನ್ನು ತಗ್ಗಿಸುವಂಥವು ಎಂದು ಹೇಳಿ ವಿದ್ಯಾರ್ಥಿಗಳನ್ನು ನಗಿಸಿದ್ದೂ ಉಂಟು. ಆದರೆ ನಮ್ಮ ಒಡಲಿನೊಳಗಣ ಜಿಡ್ಡು ಒಂದು ಜೀವಕೋಶದಿಂದ ನೆರೆಯ ಜೀವಕೋಶಕ್ಕೆ ಸುದ್ದಿಯನ್ನು ಒಯ್ಯುತ್ತದೆ, ಆ ಸುದ್ದಿ ಹದ ತಪ್ಪಿದರೆ ಹೃದಯಕ್ಕೇ ಅಪಾಯ ಬರುತ್ತದೆ ಎಂಬುದು ನನಗೆ ತಿಳಿದದ್ದು ತಡವಾಗಿ. ನಾನೇ ಹೃದಯಾಘಾತಕ್ಕೆ ಗುರಿಯಾದ ಮೇಲೆ.

ನಿವೃತ್ತಿಗೆ ಎರಡು ವರ್ಷ ಮೊದಲಿನ ಮಾತು. ಬೆಳಗಿನ ಜಾವ ಎದೆಯ ಮೇಲೆ ಕಲ್ಲು ಹೇರಿದಂತಾಗಿ ಎಚ್ಚರವಾಯಿತು. ಮಗ ನೆರೆಮನೆಯ ವೈದ್ಯರನ್ನು ಕರೆತಂದ. ಅವರು ನಾಡಿ ನೋಡಿ, ಚೀಲದಿಂದ ಒಂದು ಮಾತ್ರೆ ತೆಗೆದು, "ಜಗಿದು ನುಂಗಿ ಮೇಷ್ಟ್ರೇ, ಮಾತೆಲ್ಲ ಆಮೇಲೆ" ಎಂದರು. ಅದು ಆಸ್ಪಿರಿನ್. ನನ್ನ ತಾಯಿ ತಲೆನೋವು ಬಂದಾಗಲೆಲ್ಲ ಕಾಫಿಯ ಜೊತೆ ನುಂಗುತ್ತಿದ್ದ ಮಾತ್ರೆ! ಆಂಬುಲೆನ್ಸಿನಲ್ಲಿ ಮಲಗಿದ್ದಾಗಲೂ ನನ್ನನ್ನು ಕಾಡಿದ್ದು ಒಂದೇ ಪ್ರಶ್ನೆ: ತಲೆನೋವಿನ ಮಾತ್ರೆಗೂ ಹೃದಯಕ್ಕೂ ಏನು ಸಂಬಂಧ? ಚೇತರಿಸಿಕೊಳ್ಳುವ ದಿನಗಳಲ್ಲಿ ಈ ಪ್ರಶ್ನೆಯ ಬೆನ್ನು ಹತ್ತಿದೆ. ವಿಜ್ಞಾನ ನನ್ನ ಶಾಸ್ತ್ರವಲ್ಲ, ಚರಿತ್ರೆ ಎಲ್ಲರದು. ಆ ಧೈರ್ಯದಿಂದ ಈ ಕಥೆಯನ್ನು ತಮ್ಮ ಮುಂದಿಡುತ್ತಿದ್ದೇನೆ.

ಕಥೆಗೆ ಎರಡು ಕವಲುಗಳಿವೆ. ಒಂದು ಮರದ ತೊಗಟೆಯದು, ಇನ್ನೊಂದು ಜಿಡ್ಡಿನದು. ಎರಡೂ ಇನ್ನೂರು ವರ್ಷಗಳ ಕಾಲ ಪರಸ್ಪರ ಪರಿಚಯವಿಲ್ಲದೆ ಹರಿದವು.

ತೊಗಟೆಯ ಕಥೆ ಇಂಗ್ಲೆಂಡಿನ ಚಿಪ್ಪಿಂಗ್ ನಾರ್ಟನ್ ಎಂಬ ಊರಿನದು. ಅಲ್ಲಿನ ಪಾದ್ರಿ ಎಡ್ವರ್ಡ್ ಸ್ಟೋನ್ ಒಮ್ಮೆ ವಿಲೋ ಮರದ ತೊಗಟೆಯನ್ನು ನಾಲಗೆಗೆ ಹಚ್ಚಿ ನೋಡಿದಾಗ ಅದರ ಕಹಿ ಸಿಂಕೋನಾ ತೊಗಟೆಯ ಕಹಿಯನ್ನು ನೆನಪಿಗೆ ತಂದಿತು. ಚಳಿಜ್ವರ ತೇವದ ನೆಲದಲ್ಲಿ ಹುಟ್ಟುತ್ತದೆ, ವಿಲೋ ಮರವೂ ತೇವದ ನೆಲದಲ್ಲಿ ಬೆಳೆಯುತ್ತದೆ. ರೋಗವಿರುವಲ್ಲೇ ಮದ್ದೂ ಇರಬೇಕೆಂಬುದು ಅವನ ತರ್ಕ. ತರ್ಕ ದುರ್ಬಲವಾದರೂ ಫಲ ಗಟ್ಟಿಯಾಯಿತು. ತೊಗಟೆಯನ್ನು ಒಣಗಿಸಿ, ಪುಡಿಮಾಡಿ, ಸುಮಾರು 50 ಮಂದಿ ಜ್ವರಪೀಡಿತರಿಗೆ ಕೊಟ್ಟು, ಪಡೆದ ಫಲವನ್ನು 1763ರಲ್ಲಿ ರಾಯಲ್ ಸೊಸೈಟಿಗೆ ಬರೆದು ತಿಳಿಸಿದ. ಮುಂದಿನ ಶತಮಾನದ ರಸಾಯನಶಾಸ್ತ್ರಜ್ಞರು ಆ ಕಹಿಯಿಂದ ಸ್ಯಾಲಿಸಿಲಿಕ್ ಆಮ್ಲವನ್ನು ಪಡೆದರು. 1897ರಲ್ಲಿ ಜರ್ಮನಿಯ ಬಾಯರ್ ಕಂಪನಿಯ ಫೆಲಿಕ್ಸ್ ಹಾಫ್‌ಮನ್ ಅದಕ್ಕೆ ಅಸಿಟೈಲ್ ಎಂಬ ಸಣ್ಣ ಗುಂಪನ್ನು ಜೋಡಿಸಿ ಶುದ್ಧವಾದ ಔಷಧವನ್ನು ತಯಾರಿಸಿದ. 1899ರಲ್ಲಿ ಅದಕ್ಕೆ ಆಸ್ಪಿರಿನ್ ಎಂದು ಹೆಸರಾಯಿತು. ಇಲ್ಲೊಂದು ವಿಚಿತ್ರವನ್ನು ಗಮನಿಸಬೇಕು. ಅದೇ ಕಂಪನಿಯ ಔಷಧಶಾಸ್ತ್ರಜ್ಞ ಹೈನ್ರಿಖ್ ಡ್ರೆಸರ್, ಈ ವಸ್ತು ಹೃದಯವನ್ನು ದುರ್ಬಲಗೊಳಿಸೀತೆಂಬ ಶಂಕೆಯಿಂದ ಮೊದಲು ಇದನ್ನು ಬದಿಗಿಟ್ಟಿದ್ದ. ಯಾವುದು ಹೃದಯಕ್ಕೆ ಕೇಡೆಂದು ಹೆದರಿದರೋ ಅದೇ ಮುಂದೆ ಹೃದಯದ ಕಾವಲಿಗೆ ನಿಂತಿತು. ಆದರೆ ಅದು ಹೇಗೆ ಕೆಲಸಮಾಡುತ್ತದೆ ಎಂಬುದು ಮಾತ್ರ ಏಳು ದಶಕಗಳ ಕಾಲ ಯಾರಿಗೂ ಗೊತ್ತಿರಲಿಲ್ಲ.

ಇನ್ನು ಜಿಡ್ಡಿನ ಕವಲು. ಕೊಬ್ಬೆಂದರೆ ಒಡಲಿನ ಉರುವಲು ಮಾತ್ರ ಎಂಬುದು ಇಪ್ಪತ್ತನೆಯ ಶತಮಾನದ ಆರಂಭದ ತಿಳಿವಳಿಕೆ. ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದ ಜಾರ್ಜ್ ಬರ್ ಮತ್ತು ಮಿಲ್ಡ್ರೆಡ್ ಬರ್ ದಂಪತಿಗಳು 1929ರಲ್ಲಿ ಈ ನಂಬಿಕೆಯನ್ನು ಅಲುಗಾಡಿಸಿದರು. ಅವರು ಇಲಿಗಳಿಗೆ ಜಿಡ್ಡಿನ ಲೇಶವೂ ಇಲ್ಲದ ಆಹಾರವನ್ನು ಕೊಟ್ಟರು. ಉಳಿದ ಪೋಷಕಾಂಶಗಳೆಲ್ಲ ಇದ್ದರೂ ಇಲಿಗಳ ಬಾಲ ಹುರುಪೆಗಟ್ಟಿತು, ಬೆಳವಣಿಗೆ ಕುಂಠಿತವಾಯಿತು, ಕೊನೆಗೆ ಅವು ಸತ್ತವು. ಲಿನೋಲಿಕ್ ಎಂಬ ಕೊಬ್ಬಿನಾಮ್ಲವನ್ನು ಚೂರು ಕೊಟ್ಟರೆ ಸಾಕು, ಸೊರಗಿದ ಇಲಿಗಳು ಚೇತರಿಸಿಕೊಳ್ಳುತ್ತಿದ್ದವು. ಇಷ್ಟು ಸ್ವಲ್ಪ ಪ್ರಮಾಣದಲ್ಲಿ ಇಷ್ಟು ದೊಡ್ಡ ಫಲ ಕೊಡುವ ವಸ್ತು ಬರಿಯ ಉರುವಲಾಗಿರಲು ಸಾಧ್ಯವಿಲ್ಲ. ಹಾಗಾದರೆ ಅದರ ಕೆಲಸವೇನು?

ಉತ್ತರ ಬಂದದ್ದು ಯಾರೂ ನಿರೀಕ್ಷಿಸದ ಎಡೆಯಿಂದ. 1930ರಲ್ಲಿ ನ್ಯೂಯಾರ್ಕಿನ ಕುರ್ಜ್ರಾಕ್ ಮತ್ತು ಲೀಬ್ ಎಂಬ ಇಬ್ಬರು, ಪುರುಷನ ವೀರ್ಯದಲ್ಲಿ ಗರ್ಭಕೋಶದ ಸ್ನಾಯುವನ್ನು ಕುಗ್ಗಿಸುವ, ಕೆಲವೊಮ್ಮೆ ಸಡಿಲಿಸುವ ಶಕ್ತಿಯಿದೆಯೆಂದು ಕಂಡರು. ಇಂಗ್ಲೆಂಡಿನ ಗೋಲ್ಡ್‌ಬ್ಲಾಟ್, ಸ್ವೀಡನ್ನಿನ ಉಲ್ಫ್ ಫಾನ್ ಆಯ್ಲರ್ ಪ್ರತ್ಯೇಕವಾಗಿ ಅದನ್ನೇ ಕಂಡರು. ಈ ವಸ್ತು ಪ್ರಾಸ್ಟೇಟ್ ಗ್ರಂಥಿಯಿಂದ ಬರುತ್ತದೆಂದು ಬಗೆದು ಫಾನ್ ಆಯ್ಲರ್ 1935ರಲ್ಲಿ ಅದಕ್ಕೆ ಪ್ರಾಸ್ಟಾಗ್ಲಾಂಡಿನ್ ಎಂದು ಹೆಸರಿಟ್ಟರು.

ವ್ಯಾಕರಣದ ಮೇಷ್ಟರಾದ ನನಗೆ ಈ ಹೆಸರಿನ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗಲಾಗದು. ನಾಮಪದಗಳಲ್ಲಿ ರೂಢನಾಮ, ಅಂಕಿತನಾಮ, ಅನ್ವರ್ಥನಾಮವೆಂದು ಮೂರು ಬಗೆಯೆಂದು ನಾವು ಶಾಲೆಯಲ್ಲಿ ಕಲಿತೆವಷ್ಟೆ. ಪ್ರಾಸ್ಟಾಗ್ಲಾಂಡಿನ್ ಅನ್ವರ್ಥನಾಮವಾಗಲೆಂದು ಇಟ್ಟ ಹೆಸರು. ಆದರೆ ಅರ್ಥವೇ ತಪ್ಪಿತು. ವೀರ್ಯದಲ್ಲಿನ ಈ ವಸ್ತು ಬಹುಮಟ್ಟಿಗೆ ಬರುವುದು ಪಕ್ಕದ ಬೇರೊಂದು ಗ್ರಂಥಿಯಿಂದ ಎಂದು ಮುಂದೆ ತಿಳಿಯಿತು. ಅಷ್ಟೇ ಅಲ್ಲ, ಶ್ವಾಸಕೋಶ, ಮೂತ್ರಪಿಂಡ, ರಕ್ತನಾಳ, ಹೀಗೆ ಒಡಲಿನ ಹೆಚ್ಚುಕಡಿಮೆ ಎಲ್ಲ ಭಾಗಗಳಲ್ಲೂ ಇದೂ ಇದರ ಬಳಗವೂ ಹುಟ್ಟುತ್ತವೆ. ಇದರ ಮೂಲದ್ರವ್ಯದ ಹೆಸರೂ ಇಂಥದೇ. ಅರಾಕಿಡೋನಿಕ್ ಆಮ್ಲ ಎಂಬ ಹೆಸರಿನಲ್ಲಿ ಕಡಲೆಕಾಯಿ ಗಿಡದ ಶಾಸ್ತ್ರೀಯ ನಾಮವಾದ 'ಅರಾಕಿಸ್' ಅಡಗಿದೆ. ಕಡಲೆಕಾಯಿಯಲ್ಲಿ ಮಾತ್ರ ಈ ಆಮ್ಲವಿಲ್ಲ! ಹೆಸರು ತಪ್ಪಿದರೂ ವಸ್ತು ತನ್ನ ಕೆಲಸವನ್ನು ಬಿಡುವುದಿಲ್ಲ ಎಂಬುದಷ್ಟೇ ಸಮಾಧಾನ.

ಫಾನ್ ಆಯ್ಲರ್ ತಮ್ಮ ಬಳಿಯಿದ್ದ ಸಾರವನ್ನು 1945ರಲ್ಲಿ ಸೂನೆ ಬೆರ್ಗ್‌ಸ್ಟ್ರಾಮ್ ಎಂಬ ತರುಣ ರಸಾಯನಶಾಸ್ತ್ರಜ್ಞರ ಕೈಗಿತ್ತರು. ಅದರಲ್ಲಿದ್ದ ವಸ್ತುವಿನ ಪ್ರಮಾಣ ಅತ್ಯಲ್ಪ. ಕುರಿಗಳ ಗ್ರಂಥಿಗಳನ್ನು ರಾಶಿರಾಶಿಯಾಗಿ ತರಿಸಿ, ಶೋಧಿಸಿ, ಬೆರ್ಗ್‌ಸ್ಟ್ರಾಮ್ 1957ರಲ್ಲಿ ಪ್ರಾಸ್ಟಾಗ್ಲಾಂಡಿನ್ನಿನ ಶುದ್ಧ ಹರಳುಗಳನ್ನು ಪಡೆದರು. 1962ರ ಹೊತ್ತಿಗೆ ಅದರ ರಚನೆ ತಿಳಿಯಿತು. 1964ರಲ್ಲಿ ಅವರೂ ಹಾಲೆಂಡಿನ ಫಾನ್ ಡಾರ್ಪ್ ಅವರೂ ಏಕಕಾಲದಲ್ಲಿ ಮುಖ್ಯವಾದ ಸಂಗತಿಯೊಂದನ್ನು ತೋರಿಸಿಕೊಟ್ಟರು: ಪ್ರಾಸ್ಟಾಗ್ಲಾಂಡಿನ್ ಹುಟ್ಟುವುದು ಇಪ್ಪತ್ತು ಇಂಗಾಲದ ಪರಮಾಣುಗಳ ಅರಾಕಿಡೋನಿಕ್ ಆಮ್ಲದಿಂದ. ಈ ಆಮ್ಲವನ್ನು ಒಡಲು ಕಟ್ಟಿಕೊಳ್ಳುವುದು ಬರ್ ದಂಪತಿಗಳು ಗುರುತಿಸಿದ ಲಿನೋಲಿಕ್ ಆಮ್ಲದಿಂದಲೇ. ಇಲಿಗಳು ಏಕೆ ಸೊರಗಿದವೆಂಬ ಒಗಟಿಗೆ ಮೂವತ್ತೈದು ವರ್ಷಗಳ ಮೇಲೆ ಒಂದು ಉತ್ತರದ ಎಳೆ ಸಿಕ್ಕಿತು. ಜೀವಕೋಶದ ಹೊದಿಕೆಯಲ್ಲಿ ಹುದುಗಿರುವ ಜಿಡ್ಡು ಬರಿಯ ಗೋಡೆಯ ಗಾರೆಯಲ್ಲ. ಕರೆ ಬಂದಾಗ ಅದರಿಂದ ಒಂದು ತುಣುಕು ಕಳಚಿ, ರೂಪಾಂತರ ಹೊಂದಿ, ದೂತನಾಗಿ ಹೊರಡುತ್ತದೆ. ಈ ದೂತರು ದೂರ ಹೋಗುವವರಲ್ಲ. ನೆರೆಹೊರೆಯಲ್ಲೇ ಸುದ್ದಿ ಮುಟ್ಟಿಸಿ ಕ್ಷಣಮಾತ್ರದಲ್ಲಿ ಅಳಿದುಹೋಗುವವರು.

ಈಗ ಎರಡು ಕವಲುಗಳೂ ಕೂಡುವ ಜಾಗಕ್ಕೆ ಬಂದೆವು. ಅದು ಲಂಡನ್ನಿನ ರಾಯಲ್ ಕಾಲೇಜ್ ಆಫ್ ಸರ್ಜನ್ಸ್ ಸಂಸ್ಥೆ. 1960ರ ದಶಕದಲ್ಲಿ ಅಲ್ಲಿ ಗುಸ್ತಾವ್ ಬಾರ್ನ್ ಎಂಬ ಪ್ರಾಧ್ಯಾಪಕರಿದ್ದರು. ಈ ಮನೆತನದ ಹೆಸರು ಬೆಂಗಳೂರಿಗೆ ಅಪರಿಚಿತವಲ್ಲ. ಅವರ ತಂದೆ, ಖ್ಯಾತ ಭೌತವಿಜ್ಞಾನಿ ಮ್ಯಾಕ್ಸ್ ಬಾರ್ನ್, ಹಿಟ್ಲರನ ಜರ್ಮನಿಯನ್ನು ತೊರೆದ ಮೇಲೆ ಸಿ. ವಿ. ರಾಮನ್ ಅವರ ಆಹ್ವಾನದಂತೆ 1935-36ರಲ್ಲಿ ನಮ್ಮ ಟಾಟಾ ಇನ್ಸ್ಟಿಟ್ಯೂಟಿಗೆ ಬಂದು ಕೆಲವು ತಿಂಗಳು ಇದ್ದರು. ಮಗ ಗುಸ್ತಾವ್ ಹಿಡಿದದ್ದು ರಕ್ತದ ಹಾದಿ. ರಕ್ತದಲ್ಲಿ ಪ್ಲೇಟ್‌ಲೆಟ್ ಎಂಬ ಕಿರುಬಿಲ್ಲೆಗಳಿವೆ. ಡೆಂಗಿ ಜ್ವರದ ದೆಸೆಯಿಂದ ಈ ಹೆಸರು ಇಂದು ಹಳ್ಳಿಹಳ್ಳಿಗೂ ಗೊತ್ತು. ಗಾಯವಾದಲ್ಲಿ ಅವು ಒಂದಕ್ಕೊಂದು ಅಂಟಿಕೊಂಡು ರಕ್ತವನ್ನು ತಡೆಯುತ್ತವೆ. ಹಾಗೆ ಅಂಟಿಕೊಳ್ಳುವುದನ್ನು ಬೆಳಕಿನ ಕಿರಣ ಹಾಯಿಸಿ ಅಳೆಯುವ ಸರಳ ಉಪಕರಣವನ್ನು ಗುಸ್ತಾವ್ ಬಾರ್ನ್ 1962ರಲ್ಲಿ ಪ್ರಕಟಿಸಿದರು. ಅದುವರೆಗೆ ಊಹೆಯಾಗಿದ್ದುದು ಅಳತೆಗೆ ಸಿಕ್ಕಿತು.

ಅದೇ ಸಂಸ್ಥೆಯಲ್ಲಿದ್ದವರು ಜಾನ್ ವೇನ್. ಅವರ ಪ್ರಯೋಗದ ರೀತಿ ನೋಡಲು ಚೆಂದ. ಪ್ರಾಣಿಗಳ ಕರುಳು, ರಕ್ತನಾಳಗಳ ಪಟ್ಟಿಗಳನ್ನು ಒಂದರ ಕೆಳಗೊಂದು ತೂಗುಹಾಕಿ, ಮೇಲಿನಿಂದ ದ್ರವವನ್ನು ತೊಟ್ಟಿಕ್ಕಿಸುತ್ತಿದ್ದರು. ದ್ರವದಲ್ಲಿನ ವಸ್ತು ಯಾವ ಪಟ್ಟಿಯನ್ನು ಕುಗ್ಗಿಸಿತು, ಯಾವುದನ್ನು ಸಡಿಲಿಸಿತು ಎಂಬುದೇ ಅದರ ಗುರುತು. ಕ್ಷಣದಲ್ಲಿ ಅಳಿದುಹೋಗುವ ದೂತರನ್ನು ಹಿಡಿಯಲು ಇದಕ್ಕಿಂತ ಉತ್ತಮ ಬಲೆ ಆಗ ಇರಲಿಲ್ಲ. 1969ರಲ್ಲಿ ಪ್ರಿಸಿಲ್ಲಾ ಪೈಪರ್ ಮತ್ತು ವೇನ್, ಗಿನಿಯಿಲಿಯ ಶ್ವಾಸಕೋಶದಿಂದ ಹೊರಬರುವ, ಮೊಲದ ಮಹಾಧಮನಿಯನ್ನು ಕುಗ್ಗಿಸುವ ಅಜ್ಞಾತ ವಸ್ತುವೊಂದನ್ನು ಕಂಡರು. ಆಸ್ಪಿರಿನ್ ಕೊಟ್ಟರೆ ಅದು ಹೊರಬರುತ್ತಲೇ ಇರಲಿಲ್ಲ. ಈ ಸುಳಿವನ್ನು ಹಿಡಿದು ವೇನ್ 1971ರಲ್ಲಿ ತೋರಿಸಿದರು: ಆಸ್ಪಿರಿನ್ ಮಾಡುವುದು ಬೇರೇನೂ ಅಲ್ಲ, ಅರಾಕಿಡೋನಿಕ್ ಆಮ್ಲದಿಂದ ಪ್ರಾಸ್ಟಾಗ್ಲಾಂಡಿನ್ ಹುಟ್ಟುವುದನ್ನೇ ತಡೆಯುವುದು. ನೋವು, ಜ್ವರ, ಬಾವು ಇವುಗಳ ದೂತ ಪ್ರಾಸ್ಟಾಗ್ಲಾಂಡಿನ್. ದೂತನೇ ಹುಟ್ಟದಿದ್ದರೆ ನೋವಿನ ಸುದ್ದಿ ಮುಟ್ಟುವುದೆಂತು? ಪಾದ್ರಿ ಸ್ಟೋನನ ತೊಗಟೆಗೆ 208 ವರ್ಷಗಳ ಮೇಲೆ ವ್ಯಾಖ್ಯಾನ ದೊರೆಯಿತು. ಪ್ಲೇಟ್‌ಲೆಟ್‌ಗಳಲ್ಲೂ ಆಸ್ಪಿರಿನ್ ಇದನ್ನೇ ಮಾಡುತ್ತದೆಂದು ಅದೇ ಸಂಚಿಕೆಯಲ್ಲಿ ಸ್ಮಿತ್ ಮತ್ತು ವಿಲ್ಲಿಸ್ ವರದಿಮಾಡಿದರು.

ಹೃದಯದ ಕಥೆ ಮೊದಲಾಗುವುದು ಇಲ್ಲಿಂದ. ಬೆರ್ಗ್‌ಸ್ಟ್ರಾಮ್‌ರ ಶಿಷ್ಯ ಬೆಂಗ್ಟ್ ಸ್ಯಾಮ್ಯುಯೆಲ್‌ಸನ್ ಮತ್ತು ಸಂಗಡಿಗರು 1975ರಲ್ಲಿ ಪ್ಲೇಟ್‌ಲೆಟ್‌ಗಳು ಬಿಡುಗಡೆಮಾಡುವ ದೂತನನ್ನು ಗುರುತಿಸಿ ಥ್ರಾಂಬಾಕ್ಸೇನ್ ಎಂದು ಕರೆದರು. ಅದರ ಆಯುಷ್ಯ ಬಲು ಕಿರಿದು. ಅರ್ಧ ನಿಮಿಷದಲ್ಲಿ ಅದರ ಅರ್ಧಭಾಗ ನಾಶವಾಗುತ್ತದೆ. ಅಷ್ಟರಲ್ಲೇ ಅದು ಎರಡು ಕೆಲಸ ಮುಗಿಸುತ್ತದೆ: ನೆರೆಯ ಬಿಲ್ಲೆಗಳನ್ನು ಕೂಗಿ ಕರೆದು ಅಂಟಿಸುತ್ತದೆ, ರಕ್ತನಾಳವನ್ನು ಬಿಗಿಯುತ್ತದೆ. ಮರುವರ್ಷ, ಅಂದರೆ 1976ರಲ್ಲಿ, ವೇನ್ ಬಳಗದ ಸಾಲ್ವಡಾರ್ ಮೊಂಕಾಡ, ಪೋಲೆಂಡಿನ ಗ್ರಿಗ್ಲೆವ್ಸ್ಕಿ ಮತ್ತು ಬಂಟಿಂಗ್, ಥ್ರಾಂಬಾಕ್ಸೇನನ್ನು ರಕ್ತನಾಳದ ಗೋಡೆಯಲ್ಲೂ ಹುಡುಕಹೊರಟರು. ಸಿಕ್ಕಿದ್ದು ಅದರ ಎದುರಾಳಿ! ನಾಳದ ಒಳಪದರ ಅದೇ ಮೂಲದ್ರವ್ಯದಿಂದ ತಯಾರಿಸುವ ಈ ದೂತ ಬಿಲ್ಲೆಗಳನ್ನು ಚದುರಿಸುತ್ತದೆ, ನಾಳವನ್ನು ಹಿಗ್ಗಿಸುತ್ತದೆ. ಅದಕ್ಕೆ ಪ್ರಾಸ್ಟಾಸೈಕ್ಲಿನ್ ಎಂದು ಹೆಸರಾಯಿತು.

ಒಂದೇ ತಾಯಿಯ ಮಕ್ಕಳು ಎದುರುಬದುರು ನಿಂತ ಕಥೆ ನಮಗೆ ಹೊಸದಲ್ಲ. ಆದರೆ ಇಲ್ಲಿ ಒಬ್ಬನು ಧರ್ಮ, ಇನ್ನೊಬ್ಬನು ಅಧರ್ಮ ಎಂಬುದಿಲ್ಲ. ಥ್ರಾಂಬಾಕ್ಸೇನ್ ಇಲ್ಲದಿದ್ದರೆ ಕೊಯ್ದ ಬೆರಳಿನ ರಕ್ತ ನಿಲ್ಲುವುದು ಕಷ್ಟ. ಪ್ರಾಸ್ಟಾಸೈಕ್ಲಿನ್ ಇಲ್ಲದಿದ್ದರೆ ಹರಿಯಬೇಕಾದ ರಕ್ತ ಹೆಪ್ಪುಗಟ್ಟುತ್ತದೆ. ಆರೋಗ್ಯವೆಂಬುದು ಇಬ್ಬರ ನಡುವಣ ಸಮತೂಕ. ಹೃದಯಕ್ಕೆ ರಕ್ತ ಒಯ್ಯುವ ನಾಳದ ಗೋಡೆಯಲ್ಲಿ ವರ್ಷಗಟ್ಟಲೆ ಕಟ್ಟಿದ ಜಿಡ್ಡಿನ ಗಡ್ಡೆ ಒಂದು ದಿನ ಬಿರಿದಾಗ, ಬಿಲ್ಲೆಗಳು ಅದನ್ನು ಗಾಯವೆಂದೇ ಭಾವಿಸುತ್ತವೆ. ಥ್ರಾಂಬಾಕ್ಸೇನಿನ ಕೂಗು ಏಳುತ್ತದೆ, ಬಿಲ್ಲೆಗಳು ನೆರೆಯುತ್ತವೆ, ಕಿರಿದಾದ ನಾಳ ಮುಚ್ಚುತ್ತದೆ. ನನ್ನ ಎದೆಯಲ್ಲಿ ಆ ಬೆಳಗಿನ ಜಾವ ನಡೆದದ್ದು ಇಷ್ಟೇ: ಪ್ರಾಣ ಉಳಿಸಲೆಂದೇ ಇರುವ ಏರ್ಪಾಡು ಸಲ್ಲದ ಎಡೆಯಲ್ಲಿ ತನ್ನ ಕರ್ತವ್ಯವನ್ನು ನಿಷ್ಠೆಯಿಂದ ಮಾಡಿತು.

ಆಸ್ಪಿರಿನ್ ಇಬ್ಬರು ದೂತರನ್ನೂ ಹುಟ್ಟಲು ಬಿಡದಷ್ಟೆ? ಹಾಗಿದ್ದರೆ ಲಾಭವೆಲ್ಲಿಂದ ಬಂತು? ಈ ಶಂಕೆ ಸಹಜ. ಪರಿಹಾರ ಪ್ಲೇಟ್‌ಲೆಟ್‌ನ ಬಡತನದಲ್ಲಿದೆ. ಆಸ್ಪಿರಿನ್ ದೂತರನ್ನು ತಯಾರಿಸುವ ಕಿಣ್ವಕ್ಕೆ ಅಂಟಿಕೊಂಡು ಅದನ್ನು ಶಾಶ್ವತವಾಗಿ ಕೆಡಿಸುತ್ತದೆ. ನಾಳದ ಒಳಪದರದ ಜೀವಕೋಶಕ್ಕೆ ನ್ಯೂಕ್ಲಿಯಸ್ ಇದೆ. ಅದು ಹೊಸ ಕಿಣ್ವವನ್ನು ಮತ್ತೆ ಮಾಡಿಕೊಳ್ಳುತ್ತದೆ. ಪ್ಲೇಟ್‌ಲೆಟ್‌ಗೆ ನ್ಯೂಕ್ಲಿಯಸ್ ಇಲ್ಲ. ಒಮ್ಮೆ ಕಳೆದುಕೊಂಡದ್ದನ್ನು ತನ್ನ ಏಳೆಂಟು ಹತ್ತು ದಿನಗಳ ಆಯುಷ್ಯದಲ್ಲಿ ಮತ್ತೆ ಪಡೆಯಲಾರದು. ಆದುದರಿಂದಲೇ ದಿನಕ್ಕೊಮ್ಮೆ 75 ಮಿಲಿಗ್ರಾಮಿನಷ್ಟು ಅಲ್ಪ ಮಾತ್ರೆ ಸಾಕು. 1982ರ ನೊಬೆಲ್ ಬಹುಮಾನವನ್ನು ಬೆರ್ಗ್‌ಸ್ಟ್ರಾಮ್, ಸ್ಯಾಮ್ಯುಯೆಲ್‌ಸನ್, ವೇನ್ ಮೂವರೂ ಹಂಚಿಕೊಂಡರು.

ಸಿದ್ಧಾಂತ ಸಿದ್ಧವಾಗುವ ಮುನ್ನವೇ ಫಲವನ್ನು ಕಂಡ ಒಬ್ಬರನ್ನು ಇಲ್ಲಿ ಸ್ಮರಿಸಬೇಕು. ಕ್ಯಾಲಿಫೋರ್ನಿಯದ ಗ್ಲೆಂಡೇಲಿನ ಸಾಮಾನ್ಯ ವೈದ್ಯ ಲಾರೆನ್ಸ್ ಕ್ರೇವನ್. ಟಾನ್ಸಿಲ್ ತೆಗೆಸಿಕೊಂಡವರು ನೋವಿಗೆಂದು ಆಸ್ಪಿರಿನ್ ಬೆರೆತ ಗಮ್ ಜಗಿದಾಗ ರಕ್ತಸ್ರಾವ ಹೆಚ್ಚುವುದನ್ನು ಅವರು ಗಮನಿಸಿದರು. ರಕ್ತ ಹೆಪ್ಪುಗಟ್ಟುವುದನ್ನು ಇದು ತಡೆಯುವುದಾದರೆ ಹೃದಯಾಘಾತವನ್ನೂ ತಡೆಯಬಹುದಲ್ಲವೆ ಎಂದು ತಮ್ಮ ರೋಗಿಗಳಿಗೆ ಕೊಡತೊಡಗಿದರು. 1956ರ ಹೊತ್ತಿಗೆ ಸುಮಾರು 8,000 ಮಂದಿಗೆ ಕೊಟ್ಟು, ಯಾರಿಗೂ ಹೃದಯಾಘಾತವಾಗಲಿಲ್ಲವೆಂದು ಬರೆದರು. ಆದರೆ ಮಾತ್ರೆ ಕೊಡದ ಇನ್ನೊಂದು ಗುಂಪನ್ನು ಹೋಲಿಕೆಗೆ ಇಟ್ಟುಕೊಂಡಿರಲಿಲ್ಲ. ಬರೆದದ್ದು ಸಣ್ಣ ಪತ್ರಿಕೆಗಳಲ್ಲಿ. ಯಾರೂ ಕಿವಿಗೊಡಲಿಲ್ಲ. 1957ರಲ್ಲಿ ಅವರೇ ಹೃದಯಾಘಾತದಿಂದ ತೀರಿಕೊಂಡರು.

ಹೋಲಿಕೆಯ ಪರೀಕ್ಷೆ ನಡೆದದ್ದು 1974ರಲ್ಲಿ ವರದಿಯಾದ ಕಾರ್ಡಿಫ್ ಅಧ್ಯಯನದಲ್ಲಿ. ಪೀಟರ್ ಎಲ್‌ವುಡ್, ಆರ್ಚಿ ಕಾಕ್ರೇನ್ ಮೊದಲಾದವರು ಹೃದಯಾಘಾತವಾಗಿದ್ದ 1,239 ಪುರುಷರನ್ನು ಪರೀಕ್ಷಿಸಿದಾಗ ಲಾಭದ ಸೂಚನೆಯೇನೋ ಕಂಡಿತು, ಖಚಿತವಾಗಲಿಲ್ಲ. ಖಚಿತವಾದದ್ದು 1988ರ 'ಐಸಿಸ್-2' ಅಧ್ಯಯನದಿಂದ. 417 ಆಸ್ಪತ್ರೆಗಳು, ಹೃದಯಾಘಾತದ ಶಂಕೆಯಿಂದ ದಾಖಲಾದ 17,187 ರೋಗಿಗಳು. ಐದು ವಾರಗಳಲ್ಲಿ ಹೃದಯ, ರಕ್ತನಾಳಗಳ ಕಾರಣದಿಂದ ಸತ್ತವರು ಬರಿಯ ಹುಸಿಮಾತ್ರೆ ಪಡೆದವರಲ್ಲಿ ನೂರಕ್ಕೆ 11.8, ಆಸ್ಪಿರಿನ್ ಪಡೆದವರಲ್ಲಿ 9.4. ಹೆಪ್ಪು ಕರಗಿಸುವ ಸ್ಟ್ರೆಪ್ಟೊಕೈನೇಸನ್ನೂ ಜೊತೆಗೆ ಪಡೆದವರಲ್ಲಿ 8. ಕಾಸಿನ ಬೆಲೆಯ ಮಾತ್ರೆ ಮೃತ್ಯುವಿನ ಲೆಕ್ಕವನ್ನು ಇಷ್ಟು ಬದಲಿಸಿತು.

ಈ ವರದಿಯಲ್ಲೊಂದು ವಿನೋದವುಂಟು. ರೋಗಿಗಳನ್ನು ಸಣ್ಣ ಸಣ್ಣ ಗುಂಪುಗಳಾಗಿ ಒಡೆದು ಯಾರಿಗೆ ಎಷ್ಟು ಲಾಭವಾಯಿತೆಂದು ನೋಡುತ್ತ ಹೋದರೆ ಸುಳ್ಳು ತೀರ್ಮಾನಗಳು ಹುಟ್ಟುತ್ತವೆಂದು ತೋರಿಸಲು, ಸಂಶೋಧಕರು ರೋಗಿಗಳನ್ನು ಜನ್ಮರಾಶಿಯ ಪ್ರಕಾರವೇ ವಿಂಗಡಿಸಿದರು! ಮಿಥುನ, ತುಲಾ ರಾಶಿಯವರಿಗೆ ಆಸ್ಪಿರಿನ್ನಿನಿಂದ ತುಸು ಕೇಡು, ಉಳಿದ ರಾಶಿಯವರಿಗೆ ಬಹಳ ಲಾಭವೆಂದು ಲೆಕ್ಕ ಬಂತು. ಪಂಚಾಂಗ ನೋಡಿ ಔಷಧ ಕೊಡಿರೆಂಬುದು ಅದರ ಅರ್ಥವಲ್ಲ. ಅಂಕಿಗಳನ್ನು ಹಿಂಡಿದರೆ ಅವು ನಮಗೆ ಬೇಕಾದ್ದನ್ನು ನುಡಿಯುತ್ತವೆ ಎಂಬ ಎಚ್ಚರಿಕೆ.

ಎಚ್ಚರ ತಪ್ಪಿದರೆ ಏನಾಗುತ್ತದೆಂಬುದಕ್ಕೆ ಇದೇ ಚರಿತ್ರೆಯಲ್ಲಿ ಒಂದು ಕಹಿ ಅಧ್ಯಾಯವಿದೆ. ದೂತರನ್ನು ತಯಾರಿಸುವ ಕಿಣ್ವಗಳಲ್ಲಿ ಎರಡು ಬಗೆಯೆಂದು 1990ರ ದಶಕದ ಆರಂಭದಲ್ಲಿ ತಿಳಿಯಿತು. ಒಂದು ಜಠರದ ಒಳಪದರವನ್ನು ಕಾಯುತ್ತದೆ. ಇನ್ನೊಂದು ಬಾವು, ನೋವುಗಳಿರುವಲ್ಲಿ ಹೆಚ್ಚುತ್ತದೆ. ಎರಡನೆಯದನ್ನು ಮಾತ್ರ ತಡೆದರೆ ಹೊಟ್ಟೆ ಕೆಡದೆ ಕೀಲುನೋವು ಗುಣವಾದೀತೆಂದು ಹೊಸ ಔಷಧಗಳು ಬಂದವು. 1999ರಲ್ಲಿ ಮಾರುಕಟ್ಟೆಗೆ ಬಂದ ರೋಫೆಕಾಕ್ಸಿಬ್, ವಯಾಕ್ಸ್ ಎಂಬ ಹೆಸರಿನಲ್ಲಿ 80ಕ್ಕೂ ಹೆಚ್ಚು ದೇಶಗಳಲ್ಲಿ ಮಾರಾಟವಾಯಿತು. ಆದರೆ ನಾಳದ ಪ್ರಾಸ್ಟಾಸೈಕ್ಲಿನ್ ಬಹುಮಟ್ಟಿಗೆ ಈ ಎರಡನೆಯ ಕಿಣ್ವದಿಂದಲೇ ಹುಟ್ಟುತ್ತದೆಂಬ ಸೂಚನೆಯನ್ನು ಗ್ಯಾರೆಟ್ ಫಿಟ್ಜ್‌ಜೆರಾಲ್ಡ್ ಬಳಗ ಅದೇ 1999ರಲ್ಲಿ ಕೊಟ್ಟಿತ್ತು. ಪ್ಲೇಟ್‌ಲೆಟ್‌ನಲ್ಲಿರುವುದು ಮೊದಲನೆಯ ಕಿಣ್ವ. ಹೀಗಾಗಿ ಹೊಸ ಮಾತ್ರೆ ಚದುರಿಸುವ ದೂತನನ್ನು ಕಟ್ಟಿಹಾಕಿ, ಅಂಟಿಸುವವನನ್ನು ಸ್ವತಂತ್ರನಾಗಿ ಬಿಟ್ಟಿತು. ತಕ್ಕಡಿ ವಾಲಿತು. ಔಷಧ ಸೇವಿಸಿದವರಲ್ಲಿ ಹೃದಯಾಘಾತ ಹೆಚ್ಚಿದುದು ಖಚಿತವಾಗಿ, 2004ರ ಸೆಪ್ಟೆಂಬರ್ 30ರಂದು ಕಂಪನಿ ಅದನ್ನು ಜಗತ್ತಿನಾದ್ಯಂತ ಹಿಂದೆಗೆದುಕೊಂಡಿತು. ಮಂಡಿನೋವು ಹೋಗಲೆಂದು ನುಂಗಿದವರಲ್ಲಿ ಕೆಲವರು ತಮ್ಮ ಹೃದಯವನ್ನೇ ತೆತ್ತರು.

ಈಗ ನನ್ನದೇ ಒಂದು ತಪ್ಪನ್ನು ಹೇಳಬೇಕು. ಇದನ್ನೆಲ್ಲ ಓದಿ ನನಗೆ ಉತ್ಸಾಹ ಬಂದಿತ್ತು. ನನ್ನ ಭಾವಮೈದುನ, ನನಗಿಂತ ಕಿರಿಯ, ಹೃದಯದ ಯಾವ ತೊಂದರೆಯೂ ಇಲ್ಲದವನು, "ಭಾವ, ನಾನೂ ಒಂದು ಮಾತ್ರೆ ತಗೊಳ್ಳಲೇ?" ಎಂದು ಕೇಳಿದ. "ತಗೋ, ಕೇಡೇನಿದೆ?" ಎಂದೆ. ವೈದ್ಯರನ್ನು ಅವನೂ ಕೇಳಲಿಲ್ಲ, ನಾನೂ ಕೇಳೆನ್ನಲಿಲ್ಲ. ಒಂದೂವರೆ ವರ್ಷದ ಮೇಲೆ ಒಂದು ರಾತ್ರಿ ಅವನು ರಕ್ತ ಕಾರಿಕೊಂಡ. ಜಠರದಲ್ಲಿ ಹುಣ್ಣಾಗಿತ್ತು. ನಾಲ್ಕು ಬಾಟಲಿ ರಕ್ತ ಕೊಟ್ಟು ಅವನನ್ನು ಉಳಿಸಿದರು. ಆಸ್ಪತ್ರೆಯ ಮೊಗಸಾಲೆಯಲ್ಲಿ ನನ್ನ ಹೆಂಡತಿ ನನ್ನ ಮುಖ ನೋಡಲಿಲ್ಲ. ಒಂದು ಮಾತನ್ನೂ ಆಡಲಿಲ್ಲ. ಆಡಿದ್ದರೆ ಹಗುರವಾಗುತ್ತಿತ್ತೇನೋ.

ನಾನು ಓದಿದ್ದರಲ್ಲಿ ಸುಳ್ಳಿರಲಿಲ್ಲ; ಅರ್ಧ ಮಾತ್ರ ಇತ್ತು. ಹೃದಯಾಘಾತವಾದವನಲ್ಲಿ ಮತ್ತೆ ಹೆಪ್ಪುಗಟ್ಟುವ ಭಯ ದೊಡ್ಡದು, ರಕ್ತಸ್ರಾವದ ಭಯ ಚಿಕ್ಕದು. ಆರೋಗ್ಯವಂತನಲ್ಲಿ ಈ ಲೆಕ್ಕ ತಿರುವುಮುರುವಾಗಬಹುದು. ಜಠರದ ಒಳಪದರವನ್ನು ಕಾಯುವವರೂ ಇದೇ ಬಳಗದ ದೂತರೇ. ಅವರನ್ನು ತಡೆದರೆ ಅಲ್ಲಿ ಹುಣ್ಣು. 2018ರಲ್ಲಿ ಪ್ರಕಟವಾದ 'ಆಸ್ಪ್ರೀ' ಅಧ್ಯಯನದಲ್ಲಿ ಆಸ್ಟ್ರೇಲಿಯ ಮತ್ತು ಅಮೆರಿಕದ 19,114 ಮಂದಿ ಆರೋಗ್ಯವಂತ ವೃದ್ಧರನ್ನು ಪರೀಕ್ಷಿಸಿದಾಗ, ದಿನಕ್ಕೊಂದು ಆಸ್ಪಿರಿನ್ನಿನಿಂದ ಅವರಿಗೆ ಹೃದ್ರೋಗದಲ್ಲಿ ಗಣನೀಯ ಲಾಭ ಕಾಣಲಿಲ್ಲ. ರಕ್ತಸ್ರಾವ ಮಾತ್ರ ಹೆಚ್ಚಿತು. ಅರವತ್ತು ದಾಟಿದವರು ಹೃದ್ರೋಗ ಬಾರದಿರಲೆಂದು ಹೊಸದಾಗಿ ಆಸ್ಪಿರಿನ್ ಆರಂಭಿಸುವುದು ಬೇಡವೆಂದು ಅಮೆರಿಕದ ತಜ್ಞರ ಸಮಿತಿ 2022ರಲ್ಲಿ ಸಲಹೆ ಕೊಟ್ಟಿತು. ಹಾಗೆಂದು ಈಗಾಗಲೇ ವೈದ್ಯರ ಮಾತಿನಂತೆ ಸೇವಿಸುತ್ತಿರುವವರು ತಾವಾಗಿ ನಿಲ್ಲಿಸುವುದೂ ಅಷ್ಟೇ ಅಪಾಯ.

ಬೆರ್ಗ್‌ಸ್ಟ್ರಾಮ್ ಮತ್ತು ವೇನ್ ಇಬ್ಬರೂ 2004ರಲ್ಲಿ, ಸ್ಯಾಮ್ಯುಯೆಲ್‌ಸನ್ 2024ರಲ್ಲಿ ತೀರಿಕೊಂಡರು. ಅವರು ಕಂಡ ಇಬ್ಬರು ದೂತರು ಈ ಮಾತನ್ನು ಕೇಳುತ್ತಿರುವ ತಮ್ಮೆಲ್ಲರ ನಾಳಗಳಲ್ಲಿ ಈ ಗಳಿಗೆಯಲ್ಲೂ ಹುಟ್ಟುತ್ತ ಅಳಿಯುತ್ತ ಇದ್ದಾರೆ. ನನ್ನ ಭಾವಮೈದುನ ಈಗ ಚೆನ್ನಾಗಿದ್ದಾನೆ. ಪ್ರತಿ ರಾತ್ರಿ ಊಟವಾದ ಮೇಲೆ ನಾನು ನನ್ನ ಪುಟ್ಟ ಮಾತ್ರೆಯನ್ನು ಕೈಗೆತ್ತಿಕೊಂಡಾಗ ಅವನ ನೆನಪಾಗುತ್ತದೆ. ನನ್ನನ್ನು ಉಳಿಸಿದ್ದು ಇದೇ, ಅವನನ್ನು ಸಾವಿನ ಬಾಗಿಲಿಗೆ ಒಯ್ದದ್ದೂ ಇದೇ. ಇಂದು ಯಾರಾದರೂ "ಮೇಷ್ಟ್ರೇ, ನಾನೂ ಒಂದು ತಗೊಳ್ಳಲೇ?" ಎಂದು ಕೇಳಿದರೆ, ಈ ಕಥೆಯನ್ನೆಲ್ಲ ಹೇಳಿ, ಕೊನೆಗೆ ವೈದ್ಯರ ಮನೆಯ ದಾರಿಯನ್ನು ತೋರಿಸುತ್ತೇನೆ.

(ಆಕಾಶವಾಣಿಯ ಕೃಪೆಯಿಂದ)